ಮರುಭೂಮಿಯ ಗಿಡಕ್ಕೆ ಮಳೆಗಾಲ

ಬೆಳಗಾವಿಯ ನರ್ಸರಿಗಳಲ್ಲಿ ಕೈಬೆರಳಿನಷ್ಟು ದಪ್ಪದ, ಹೊಂಬಣ್ಣದ ಮುಳ್ಳು ಹೊದ್ದ ಪುಟ್ಟ ಪಾಪಾಸುಕಳ್ಳಿಯನ್ನು ನೀವು ನೋಡಿರಬಹುದು. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಮ್ಯಾಮಿಲೇರಿಯಾ ಇಲಾಂಗೇಟ ಎಂದು ಹೆಸರು. 1828ರಲ್ಲಿ ಸ್ವಿಸ್ ವಿಜ್ಞಾನಿ ಡಿ ಕ್ಯಾಂಡೋಲ್ ಇಟ್ಟದ್ದು. ತವರು ಮಧ್ಯ ಮೆಕ್ಸಿಕೋದ ಒಣ ಬೆಟ್ಟಗಳು.

"ಸಾಕುವುದು ಸುಲಭ, ನೀರೇ ಬೇಡ" ಎನ್ನುವವರುಂಟು. ಆದರೆ ಖಾನಾಪುರದ ಅಂಗಳದಲ್ಲಿ ಜೂನ್‌ನಿಂದ ಮಳೆಗೆ ಒಡ್ಡಿದ ಗಿಡ ಗಣೇಶ ಚೌತಿಯ ಹೊತ್ತಿಗೆ ಬುಡ ಮೆತ್ತಗಾಗಿ ಕುಸಿಯುತ್ತದೆ. ಕಾರಣ ಅದರ ಮೈಕಟ್ಟಿನಲ್ಲೇ ಇದೆ.

ಇದಕ್ಕೆ ಎಲೆಗಳಿಲ್ಲ. ಹಸಿರು ಕಾಂಡವೇ ಆಹಾರ ತಯಾರಿಸುತ್ತದೆ. ನೀರಿನ ತೊಟ್ಟಿಯೂ ಅದೇ. ಕಾಂಡದ ತುಂಬ ಸಣ್ಣ ಗುಬುಟುಗಳು, ಒಂದೊಂದರ ತುದಿಯಲ್ಲೂ ಒಂದು ಪುಟ್ಟ ಮೆತ್ತೆ, ಆ ಮೆತ್ತೆಯಿಂದ ನಕ್ಷತ್ರದಂತೆ ಹರಡಿದ ಮುಳ್ಳುಗಳು. ಮುಳ್ಳೆಂದರೆ ರೂಪ ಬದಲಿಸಿದ ಎಲೆ. ಉರಿಬಿಸಿಲಿನಲ್ಲಿ ಅದು ಗಿಡಕ್ಕೆ ನೆರಳು. ಈ ಮೆತ್ತೆಯೇ ಪಾಪಾಸುಕಳ್ಳಿ ಕುಲದ ಗುರುತು. ನಮ್ಮ ಬೇಲಿಯ ಚದುರಗಳ್ಳಿಗೂ ಮುಳ್ಳಿದೆ, ಇಂಥ ಮೆತ್ತೆಯಿಲ್ಲ. ಅದರದು ಬೇರೆಯೇ ವಂಶ; ಕಡಿದರೆ ಒಸರುವ ಹಾಲು ಕಣ್ಣಿಗೆ ಬಹಳ ಕೇಡು, ಮಕ್ಕಳನ್ನು ದೂರವಿಡಬೇಕು.

ಇನ್ನೊಂದು ವಿಶೇಷ. ಸಾಮಾನ್ಯ ಗಿಡಗಳು ಹಗಲಿನಲ್ಲಿ ಮೈಮೇಲಿನ ಸೂಕ್ಷ್ಮ ರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಪಡೆಯುತ್ತವೆ. ಜೊತೆಗೇ ನೀರೂ ಆವಿಯಾಗಿ ಹೋಗುತ್ತದೆ. ಈ ಗಿಡ ರಾತ್ರಿಯ ತಂಪಿನಲ್ಲಿ ಬಾಗಿಲು ತೆರೆದು ಸಾಮಗ್ರಿ ತಂದಿಟ್ಟುಕೊಂಡು, ಹಗಲು ಬಾಗಿಲು ಹಾಕಿ ಅಡುಗೆ ಮಾಡುತ್ತದೆ. ಬಲು ಜಾಣ ಸಂಸಾರ! ಆದರೆ ನೀರನ್ನು ಹಿಡಿದಿಡುವುದಕ್ಕೇ ರೂಪುಗೊಂಡ ಈ ಮೈ ನೀರನ್ನು ಬೇಗ ಹೊರಹಾಕಲಾರದು. ಮೂರು ತಿಂಗಳು ನೆನೆದ ಮಣ್ಣಿನಲ್ಲಿ ಬೇರಿಗೆ ಗಾಳಿಯಾಡುವುದಿಲ್ಲ. ಶಿಲೀಂಧ್ರ ಹತ್ತುತ್ತದೆ, ರಸ ತುಂಬಿದ ಕಾಂಡಕ್ಕೆ ಕೊಳೆ ಏರಲು ತಡವಾಗದು.

ಪರಿಹಾರಕ್ಕೆ ದೂರ ಹೋಗಬೇಕಿಲ್ಲ. ಖಾನಾಪುರ ಹೆಂಚಿಗೂ ಕುಂಬಾರಿಕೆಗೂ ಹೆಸರಾದ ಊರು. ತಳದಲ್ಲಿ ತೂತಿರುವ ಸುಟ್ಟ ಮಣ್ಣಿನ ಕುಂಡ ತನ್ನಿ. ಪ್ಲಾಸ್ಟಿಕ್ಕಿನದು ನೋಡಲು ಚೆಂದ, ಬೇಗ ಆರದು. ದಪ್ಪ ಮರಳು, ಒಡೆದ ಹೆಂಚಿನ ಚೂರು ಅರ್ಧಕ್ಕೂ ಹೆಚ್ಚಿರಲಿ. ಮಳೆ ಶುರುವಾಗುವ ಮುನ್ನ ಬೆಳಕು ಬೀಳುವ ಸೂರಿನಡಿ ಇಡಿ. ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು ಹಾಕಿ.

ಬುಡ ಆಗಲೇ ಕೊಳೆತಿದ್ದರೆ ಮೇಲಿನ ಗಟ್ಟಿ ಬೆರಳನ್ನು ಶುಚಿಯಾದ ಚಾಕುವಿನಿಂದ ಕತ್ತರಿಸಿ. ಒಳಗೆ ಕಂದು ಕಲೆ ಕಂಡರೆ ಇನ್ನೂ ಮೇಲಕ್ಕೆ ಕತ್ತರಿಸಬೇಕು. ಒಂದು ವಾರ ನೆರಳಿನಲ್ಲಿ ಗಾಯ ಒಣಗಲಿ, ಆಮೇಲೆ ಒಣಮರಳಿನಲ್ಲಿ ನೆಡಿ. ಕೆಲವು ವಾರಗಳಲ್ಲಿ ಹೊಸ ಬೇರು ಬಿಡುತ್ತದೆ.