ಚೀನಾದ ಮಕ್ಕಳೊಡನೆ ಶಾಲಾ ಪ್ರವಾಸ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಿನ್ನೆ ಸಂಜೆ ಬಸ್ಸಿನಿಂದ ಇಳಿದಾಗಿನಿಂದ ಊರವರು ನನ್ನನ್ನು ಕೇಳುತ್ತಿರುವುದು ಒಂದೇ ಪ್ರಶ್ನೆ: "ಚೀನಾದಾಗ ಏನ್ ತಿಂತಿದ್ದಿ ಯವ್ವಾ?" ಅದಕ್ಕೂ ಉತ್ತರ ಹೇಳುತ್ತೇನೆ, ಸ್ವಲ್ಪ ತಾಳಿರಿ. ಸಮಿತಿಯವರು ನನಗೆ ಕೊಟ್ಟ ವಿಷಯ 'ಚೀನಾದ ಶಿಕ್ಷಣ ವ್ಯವಸ್ಥೆ'. ಅದು ನನ್ನ ಅಳತೆಗೆ ದೊಡ್ಡದು. ಮೂರು ವರ್ಷ ಒಂದು ಊರಿನ ಒಂದು ಶಾಲೆಯಲ್ಲಿ ಭೌತಶಾಸ್ತ್ರ ಹೇಳಿದವಳು ಅಷ್ಟು ದೊಡ್ಡ ದೇಶದ ವ್ಯವಸ್ಥೆಯ ಬಗ್ಗೆ ಮಾತಾಡಬಾರದು. ಆ ಮಕ್ಕಳ ಜೊತೆ ಹೋದ ಪ್ರವಾಸಗಳ ಬಗ್ಗೆ ಮಾತ್ರ ಹೇಳುತ್ತೇನೆ. ಅದಕ್ಕೂ ನಮ್ಮ ಈ ಸಾಲಿಗೂ ಒಂದು ಸಂಬಂಧವಿದೆ.

2015ರ ಆಗಸ್ಟ್‌ನಿಂದ 2018ರ ಜುಲೈವರೆಗೆ ನಾನಿದ್ದ ಊರು ಶಿಜಿಯಾಝ್ವಾಂಗ್. ಹೆಬೈ ಪ್ರಾಂತ್ಯದ ರಾಜಧಾನಿ. ಬೀಜಿಂಗ್‌ನಿಂದ ವೇಗದ ರೈಲಿನಲ್ಲಿ ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತು. ಗೋವಿನಜೋಳ, ಗೋಧಿ, ಶೇಂಗಾ ಬೆಳೆಯುವ ಬಯಲು ಸೀಮೆ. ಆಗ ಚಳಿಗಾಲದಲ್ಲಿ ಹೊಗೆ ಎಷ್ಟು ದಟ್ಟವಾಗಿರುತ್ತಿತ್ತೆಂದರೆ ಎದುರಿನ ಕಟ್ಟಡ ಕಾಣುತ್ತಿರಲಿಲ್ಲ, ಅಂಥ ದಿನ ಮಕ್ಕಳನ್ನು ಅಂಗಳಕ್ಕೂ ಬಿಡುತ್ತಿರಲಿಲ್ಲ. ಹೊರದೇಶದ ವಿಶ್ವವಿದ್ಯಾಲಯಕ್ಕೆ ಹೋಗಲು ತಯಾರಾಗುವ ಮಕ್ಕಳಿಗೆ ಇಂಗ್ಲಿಷಿನಲ್ಲಿ ಭೌತಶಾಸ್ತ್ರ ಹೇಳುವುದು ನನ್ನ ಕೆಲಸ. ಅವರಿಗೆ ನಾನು 'ಲಾವ್‌ಶಿ', ಅಂದರೆ ನಮ್ಮ ಅಕ್ಕೋರು.

ಅಲ್ಲಿ ಪ್ರವಾಸಕ್ಕೆ ಋತುವಿನ ಹೆಸರಿದೆ. ವಸಂತದ ಪ್ರವಾಸ 'ಚುನ್‌ಯೌ', ಶರತ್ಕಾಲದ ಪ್ರವಾಸ 'ಚ್ಯೌಯೌ'. ಒಂದೇ ದಿನದ್ದು, ಬೆಳಿಗ್ಗೆ ಹೋಗಿ ಸಂಜೆ ಬರುವುದು. ಆದರೆ ನಾನು ಹೋದ ಮೊದಲ ವರ್ಷ ಪ್ರವಾಸ ಇರಲೇ ಇಲ್ಲ. ಎಲ್ಲೋ ಬಸ್ಸು ಉರುಳಿ ಮಕ್ಕಳಿಗೆ ಏನಾದರೂ ಆದರೆ ಮುಖ್ಯೋಪಾಧ್ಯಾಯರ ತಲೆದಂಡ, ಹಾಗಾಗಿ ಎಷ್ಟೋ ಶಾಲೆಗಳು ಪ್ರವಾಸವನ್ನೇ ನಿಲ್ಲಿಸಿದ್ದವು. ಈ ಭಯ ನಮ್ಮಲ್ಲಿಯೂ ಇದೆ, ಇಲ್ಲಿ ಕುಳಿತಿರುವ ಗುರುಗಳಿಗೆ ನಾನು ಹೇಳಬೇಕಾಗಿಲ್ಲ. 2016ರ ಕೊನೆಗೆ ಅಲ್ಲಿಯ ಶಿಕ್ಷಣ ಸಚಿವಾಲಯ ಮತ್ತು ಇನ್ನೂ ಹತ್ತು ಇಲಾಖೆಗಳು ಸೇರಿ ಒಂದು ಆದೇಶ ಹೊರಡಿಸಿದವು: ಅಧ್ಯಯನ ಪ್ರವಾಸವನ್ನು ಶಾಲೆಯ ಪಾಠ ಯೋಜನೆಯಲ್ಲಿಯೇ ಸೇರಿಸಬೇಕು ಅಂತ. ಆಮೇಲೆ ನಮ್ಮ ಶಾಲೆಯಲ್ಲೂ ಬಸ್ಸು ಬಂದು ನಿಂತಿತು.

ತಯಾರಿ ಒಂದು ಮದುವೆಯದಷ್ಟು. ಪಾಲಕರ ಒಪ್ಪಿಗೆ ಪತ್ರ, ವಿಮೆ, ಬಸ್ಸಿನ ತಪಾಸಣೆ, ಎಲ್ಲರಿಗೂ ಒಂದೇ ಬಣ್ಣದ ಟೊಪ್ಪಿಗೆ, ಮುಂದೆ ಹಿಡಿಯಲು ಒಂದು ಬಾವುಟ. ಇಷ್ಟೆಲ್ಲ ಹೊರುವವರು ವರ್ಗ ಶಿಕ್ಷಕಿ. ಅಲ್ಲಿ ವರ್ಗ ಶಿಕ್ಷಕರೆಂದರೆ ಹಾಜರಿ ಕರೆದು ಹೋಗುವವರಲ್ಲ, ವರ್ಷಗಟ್ಟಲೆ ಅದೇ ಮಕ್ಕಳ ಜೊತೆ ಇದ್ದು ಅವರ ಊಟ, ನಿದ್ದೆ, ಜ್ವರ ಎಲ್ಲ ನೋಡುವವರು. ನಮ್ಮ ವರ್ಗ ಶಿಕ್ಷಕಿ ನನಗಿಂತ ಹತ್ತು ವರ್ಷ ಚಿಕ್ಕವರು, ಸಣ್ಣ ದೇಹ, ದೊಡ್ಡ ದನಿ. ಪ್ರವಾಸದ ಹಿಂದಿನ ರಾತ್ರಿ ಅವರು ನಿದ್ದೆ ಮಾಡುತ್ತಿರಲಿಲ್ಲ.

ಮೊದಲ ಪ್ರವಾಸ 2017ರ ಏಪ್ರಿಲ್‌ನಲ್ಲಿ, ಝಾವ್‌ಝೌ ಸೇತುವೆಗೆ. ಸುಮಾರು 1400 ವರ್ಷದ ಕಲ್ಲಿನ ಸೇತುವೆ. ಲೀ ಚುನ್ ಎಂಬ ಕುಶಲಿ ಕಟ್ಟಿಸಿದ್ದು. ನದಿಯ ನಡುವೆ ಒಂದೂ ಕಂಬವಿಲ್ಲ, ದಂಡೆಯಿಂದ ದಂಡೆಗೆ 37 ಮೀಟರ್ ಒಂದೇ ಕಮಾನು. ಆ ದೊಡ್ಡ ಕಮಾನಿನ ಹೆಗಲ ಮೇಲೆ ಎರಡೂ ಕಡೆ ಎರಡೆರಡು ಸಣ್ಣ ಕಮಾನು. ಪ್ರವಾಹ ಬಂದರೆ ನೀರು ಆ ಸಣ್ಣ ಕಿಂಡಿಗಳಲ್ಲೂ ಹಾದು ಹೋಗುತ್ತದೆ, ಸೇತುವೆಯ ಭಾರವೂ ಇಳಿಯುತ್ತದೆ. ಅಲ್ಲಿಯ ಮಕ್ಕಳಿಗೆ ಇದು ಮೂರನೆಯ ತರಗತಿಯ ಪಾಠ. ಬಸ್ಸಿನಲ್ಲಿಯೇ ಎಲ್ಲರೂ ಒಂದೇ ರಾಗದಲ್ಲಿ ಆ ಪಾಠ ಒಪ್ಪಿಸಿದರು. ಸೇತುವೆಯ ಮೇಲೆ ಒಬ್ಬ ಹುಡುಗ ನನ್ನನ್ನು ಕರೆದು ಕಲ್ಲಿನ ಮೇಲಿನ ಗುಳಿ ತೋರಿಸಿ, ಇದು ಒಬ್ಬ ಅಮರ ಸಿದ್ಧನ ಕತ್ತೆಯ ಹೆಜ್ಜೆ ಅಂದ. ಸೇತುವೆ ಗಟ್ಟಿಯಿದೆಯೋ ಇಲ್ಲವೋ ಪರೀಕ್ಷಿಸಲು ಆ ಸಿದ್ಧ ಕತ್ತೆ ಹತ್ತಿ ಬಂದಿದ್ದನಂತೆ. ನಮ್ಮ ಕಡೆಯೂ ಬಂಡೆಯ ಮೇಲೆ ಬಸವಣ್ಣನ ಹೆಜ್ಜೆ ತೋರಿಸುತ್ತಾರಲ್ಲ, ಹಾಗೆ.

ನಾನು ಭೌತಶಾಸ್ತ್ರದವಳು. ಕಮಾನನ್ನು ಕೆಳಗಿನಿಂದ ನೋಡದೆ ಬರಲು ಮನಸ್ಸಾಗಲಿಲ್ಲ. ಯಾರಿಗೂ ಹೇಳದೆ ದಂಡೆಗೆ ಇಳಿದೆ. 28 ಕಲ್ಲಿನ ಪಟ್ಟಿಗಳನ್ನು ಪಕ್ಕಪಕ್ಕಕ್ಕೆ ಜೋಡಿಸಿ ಆ ಕಮಾನು ಮಾಡಿದ್ದಾರೆ, ಅವನ್ನು ಎಣಿಸುತ್ತ ನಿಂತುಬಿಟ್ಟೆ. ಮೇಲೆ ಗದ್ದಲ ಕೇಳಿಸಿತು. ಸಾಲಿನಲ್ಲಿ ನಿಂತು ಒಬ್ಬೊಬ್ಬರೇ ತಮ್ಮ ಸಂಖ್ಯೆ ಕೂಗುವುದು ಅಲ್ಲಿಯ ಪದ್ಧತಿ. ಮಕ್ಕಳು 31, ನಾವು ಮೂವರು ಶಿಕ್ಷಕರು, ಒಟ್ಟು 34. ಎಣಿಕೆ ಎರಡು ಸಲವೂ 33ಕ್ಕೆ ನಿಂತಿತ್ತು. ಮಕ್ಕಳನ್ನಷ್ಟೇ ಎಣಿಸುತ್ತಾರೆ ಅಂತ ನಾನು ತಿಳಿದಿದ್ದೆ. ಮೇಲೆ ಬಂದು ನೋಡಿದರೆ ವರ್ಗ ಶಿಕ್ಷಕಿಯ ಮುಖ ಬಿಳಿಚಿಕೊಂಡಿದೆ. ಅವರು ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಸುಮ್ಮನೆ ನನ್ನ ಕೈ ಹಿಡಿದು ಸಾಲಿನ ಕೊನೆಯಲ್ಲಿ ತಮ್ಮ ಮುಂದೆ ನಿಲ್ಲಿಸಿ, ನಿಮ್ಮ ಸಂಖ್ಯೆ 33 ಅಂದರು. 'ಸಾನ್‌ಶಿಸಾನ್'. ಅಂದಿನಿಂದ ಎಲ್ಲ ಪ್ರವಾಸದಲ್ಲೂ ನಾನು ಸಾನ್‌ಶಿಸಾನ್ ಅಂತ ಕೂಗಬೇಕು, ನನ್ನ ಉಚ್ಚಾರಕ್ಕೆ 31 ಮಕ್ಕಳೂ ನಗಬೇಕು.

ಈಗ ಊಟದ ವಿಷಯ. ಅಲ್ಲಿಯ ಮಕ್ಕಳಿಗೆ ಪ್ರವಾಸವೆಂದರೆ ತಿನ್ನುವುದೇ. ಹುಲ್ಲಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ನಡುವೆ ಎಲ್ಲರ ಚೀಲ ಸುರಿಯುತ್ತಾರೆ. ಸೂರ್ಯಕಾಂತಿ ಬೀಜ, ಕೆಂಪಗೆ ಖಾರದ ಎಣ್ಣೆಯಲ್ಲಿ ಅದ್ದಿದ ಹಿಟ್ಟಿನ ಪಟ್ಟಿ, ಕಡಲ ಪಾಚಿಯ ಹಾಳೆ, ಮಾಂಸದ ಕಡ್ಡಿ. ನಾನು ಮಾಂಸ ತಿನ್ನುವುದಿಲ್ಲ ಅಂದರೆ ಒಬ್ಬಳು ಹುಡುಗಿ ಬಹಳ ಕನಿಕರದಿಂದ, ಇದರಲ್ಲಿ ಸ್ವಲ್ಪವೇ ಇದೆ ಅಂದಳು. ನನ್ನ ಬುತ್ತಿಯಲ್ಲಿ ಅವ್ವ ಕಟ್ಟಿಕೊಟ್ಟ ಖಡಕ್ ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿ ಇತ್ತು, ರಜೆಗೆ ಬಂದಾಗ ಒಂದು ಪೆಟ್ಟಿಗೆ ತುಂಬ ಒಯ್ದಿದ್ದೆ. ರೊಟ್ಟಿ ಮುರಿದು ಹಂಚಿದೆ. ಮುರಿದಾಗ ಆಗುವ ಸಪ್ಪಳಕ್ಕೇ ಅವರಿಗೆ ಖುಷಿ. ಒಬ್ಬ ಹುಡುಗ ಮೂಸಿ ನೋಡಿ, ನಮ್ಮ ಅಜ್ಜ ಕಷ್ಟಕಾಲದಲ್ಲಿ ಜೋಳ ತಿನ್ನುತ್ತಿದ್ದರಂತೆ, ಈಗ ನಮ್ಮಲ್ಲಿ ಅದರಿಂದ ಸಾರಾಯಿ ಮಾಡುತ್ತಾರೆ ಅಂದ. ಹಿಂಡಿ ಮಾತ್ರ ಒಂದು ಚಮಚವೂ ಉಳಿಯಲಿಲ್ಲ. ಅವ್ವಾ, ನೀನು ಕೇಳಿದ್ದಕ್ಕೆ ಇದು ಉತ್ತರ.

2017ರ ಬೇಸಿಗೆಯಲ್ಲಿ ಡೋಕ್ಲಾಮ್‌ನಲ್ಲಿ ಎರಡೂ ದೇಶದ ಸೈನಿಕರು ಎರಡು ತಿಂಗಳಿಗೂ ಹೆಚ್ಚು ಎದುರುಬದುರು ನಿಂತದ್ದು ನಿಮಗೆ ನೆನಪಿರಬಹುದು. ನಾನು ಆಗ ರಜೆಗೆ ಇಲ್ಲಿಯೇ ಇದ್ದೆ. ಮರಳಿ ಹೋಗಬೇಡ ಅಂದವರೇ ಹೆಚ್ಚು. ಹೋದೆ. ಆದರೆ ಮನಸ್ಸಿನಲ್ಲಿ ಅಳುಕಿತ್ತು. ಪಾಲಕರು ಏನಂದಾರು, ಶಿಕ್ಷಕರ ಕೋಣೆಯಲ್ಲಿ ಮಾತು ನಿಂತೀತೇ ಅಂತ. ಅಕ್ಟೋಬರ್‌ನಲ್ಲಿ ಶರತ್ಕಾಲದ ಪ್ರವಾಸದ ಹಿಂದಿನ ಸಂಜೆ ಫೋನಿಗೆ ಒಂದು ಸಂದೇಶ ಬಂತು: ಬಸ್ಸು 7.10ಕ್ಕೆ, ನೀರು ತನ್ನಿ, ಟೊಪ್ಪಿಗೆ ತನ್ನಿ, 33 ಮರೆಯಬೇಡಿ. ಆ ಸಲ ಹೋದದ್ದು ಝೆಂಗ್‌ಡಿಂಗ್‌ನ ಹಳೆಯ ಬೌದ್ಧ ದೇವಾಲಯಕ್ಕೆ. ಇಪ್ಪತ್ತು ಮೀಟರಿಗೂ ಎತ್ತರದ ಕಂಚಿನ ಅವಲೋಕಿತೇಶ್ವರನ ಮುಂದೆ ನಿಂತು ಕತ್ತು ನೋಯುವವರೆಗೆ ನೋಡಿದೆವು. ಆ ಸಂದೇಶವನ್ನು ಮಾತ್ರ ನಾನು ಬಹಳ ದಿನ ಅಳಿಸಲಿಲ್ಲ.

2018ರ ಏಪ್ರಿಲ್ ಬಂತು. ಏಪ್ರಿಲ್ 4 ಅಥವಾ 5ಕ್ಕೆ ಅವರಲ್ಲಿ 'ಚಿಂಗ್‌ಮಿಂಗ್', ನಮ್ಮ ಮಹಾಲಯದ ಹಾಗೆ ಹಿರಿಯರ ಸಮಾಧಿ ಗುಡಿಸಿ ಹೂ ಇಡುವ ಹಬ್ಬ. ಆ ಸಮಯಕ್ಕೆ ಶಾಲೆಗಳು ಮಕ್ಕಳನ್ನು ಹುತಾತ್ಮರ ಸ್ಮಶಾನಕ್ಕೆ ಕರೆದೊಯ್ಯುತ್ತವೆ. ಅದು ಅವರ ದೇಶದ ಕೆಲಸ, ಅಲ್ಲಿ ನನಗೇನು ಕೆಲಸ ಅಂತ ನಾನು ಶಾಲೆಯಲ್ಲೇ ಉಳಿಯುವವಳಿದ್ದೆ. ವರ್ಗ ಶಿಕ್ಷಕಿ ನನ್ನ ಮೇಜಿನ ಹತ್ತಿರ ಬಂದು, "ಈ ಸಲ ನೀವು ಬರಲೇಬೇಕು. ನಿಮ್ಮವರೊಬ್ಬರು ಅಲ್ಲಿದ್ದಾರೆ" ಅಂದರು.

ಊರ ನಡುವೆಯೇ ದೊಡ್ಡ ತೋಟದಂಥ ಜಾಗ, ಸಾಲು ಮರ. ಕೆನಡಾದ ಡಾಕ್ಟರ್ ನಾರ್ಮನ್ ಬೆಥೂನ್ ಅವರ ಸಮಾಧಿ ಅಲ್ಲಿದೆ. ಅಲ್ಲಿಯೇ ಇನ್ನೊಬ್ಬ ಡಾಕ್ಟರರ ಸಮಾಧಿ, ಪ್ರತಿಮೆ. ಚೀನೀ ಹೆಸರು ಕೆ ದಿಹ್ವಾ. ನಮ್ಮ ದ್ವಾರಕಾನಾಥ ಕೋಟ್ನಿಸ್. 1938ರಲ್ಲಿ ಜಪಾನಿನ ದಾಳಿಯಲ್ಲಿ ನಲುಗಿದ್ದ ಚೀನಾಕ್ಕೆ ನಮ್ಮ ಕಾಂಗ್ರೆಸ್ ಕಳಿಸಿದ ಐವರು ವೈದ್ಯರಲ್ಲಿ ಒಬ್ಬರು. ಉಳಿದವರು ಮರಳಿ ಬಂದರು, ಇವರು ಬರಲಿಲ್ಲ. ಗಾಯಾಳುಗಳಿಗೆ ನಿದ್ದೆಯಿಲ್ಲದೆ ಮೂರು ದಿನ ಶಸ್ತ್ರಚಿಕಿತ್ಸೆ ಮಾಡಿದವರು, ಬೆಥೂನ್ ಹೆಸರಿನ ಆಸ್ಪತ್ರೆಯ ಮುಖ್ಯಸ್ಥರಾದವರು. ಅಲ್ಲಿಯ ದಾದಿ ಗ್ವೋ ಚಿಂಗ್‌ಲಾನ್ ಅವರನ್ನು ಮದುವೆಯಾದರು. ಮಗನ ಹೆಸರು ಯಿನ್‌ಹ್ವಾ. ಯಿನ್ ಅಂದರೆ ಭಾರತ, ಹ್ವಾ ಅಂದರೆ ಚೀನಾ. ಮಗ ಹುಟ್ಟಿ ನಾಲ್ಕು ತಿಂಗಳಾಗುವ ಮೊದಲೇ, 1942ರ ಡಿಸೆಂಬರ್ 9ರಂದು ತೀರಿಕೊಂಡರು. ಆಗ ಅವರಿಗೆ 32 ವರ್ಷ.

ಇದನ್ನೆಲ್ಲ ನನಗೆ ಹೇಳಿದವಳು ಹದಿನಾರು ವರ್ಷದ ಒಬ್ಬ ಹುಡುಗಿ, ರೊಟ್ಟಿ ತಿಂದವರಲ್ಲೊಬ್ಬಳು. ಮೊದಲು ಚೀನೀ ಭಾಷೆಯಲ್ಲಿ ತನ್ನ ಗೆಳೆಯರಿಗೆ, ಆಮೇಲೆ ನನಗಾಗಿ ಇಂಗ್ಲಿಷಿನಲ್ಲಿ. ಕೋಟ್ನಿಸ್ ಹೆಸರು ನಾನೂ ಕೇಳಿದ್ದೆ, ಮುಂಬೈಯವರು ಅಂತ ತಿಳಿದಿದ್ದೆ. ಅವಳು ಕಾಗದ ನೋಡದೆ ಹೇಳಿದಳು: "ಹುಟ್ಟಿದ್ದು 1910ರ ಅಕ್ಟೋಬರ್ 10, ಸೊಲ್ಲಾಪುರ." ಆಮೇಲೆ ಕೇಳಿದಳು: "ಲಾವ್‌ಶಿ, ಸೊಲ್ಲಾಪುರ ಹೇಗಿದೆ?"

ನಾನು ಸೊಲ್ಲಾಪುರ ನೋಡಿದ್ದೆ. ನೋಡಿದ್ದು ಇದೇ ಸಾಲಿಯಿಂದ, 1991ರ ಡಿಸೆಂಬರ್‌ನಲ್ಲಿ, ಹತ್ತನೆಯ ತರಗತಿಯ ಪ್ರವಾಸದಲ್ಲಿ. ಹುಡುಗರಿಗೆ ಹಂಪಿಗೆ ಹೋಗಬೇಕಿತ್ತು. "ದೀಪ ಹಚ್ಚೂದ್ರೊಳಗ ಮಗಳು ಮನ್ಯಾಗ ಇರ್ಬೇಕ್ರಿ ಸರ್" ಅಂತ ನಮ್ಮಪ್ಪ ಸೇರಿ ನಾಲ್ಕೈದು ಮಂದಿ ಬಂದು ಹೇಳಿದ್ದಕ್ಕೆ ಗುರುಗಳು ಹಂಪಿ ಬಿಟ್ಟು ಸೊಲ್ಲಾಪುರ ಗೊತ್ತು ಮಾಡಿದರು. ಆ ಹುಡುಗರು ಇಲ್ಲಿಯೇ ಕುಳಿತಿದ್ದಾರೆ, ಇನ್ನೂ ಅವರ ಸಿಟ್ಟು ಇಳಿದಂತಿಲ್ಲ. ಕೆರೆಯ ನಡುವಿನ ಸಿದ್ಧರಾಮೇಶ್ವರರ ಗುಡಿ, ಕೋಟೆ, ಗಿರಣಿಯ ಚಿಮಣಿ, ಅಂಗಡಿಯಲ್ಲಿ ಅಟ್ಟದವರೆಗೆ ಒಟ್ಟಿದ ಚಾದರ. ಅವ್ವನಿಗೆ ಒಂದು ಚಾದರ ತಂದಿದ್ದೆ.

ಅದನ್ನೇ ಆ ಮಕ್ಕಳಿಗೆ ಹೇಳಿದೆ. ಕೆರೆ, ಗುಡಿ, ಚಾದರ, ನಮ್ಮೂರಿನಿಂದ ಭೀಮಾ ನದಿ ದಾಟಿದರೆ ಬರುವ ಊರು ಅಂತ. ಅವರು ಬಹಳ ಗಮನವಿಟ್ಟು ಕೇಳಿದರು. ಕೊನೆಗೆ ಅದೇ ಹುಡುಗಿ, "ಅವರ ಮನೆಗೆ ಹೋಗಿದ್ದಿರಾ?" ಅಂದಳು. ಇಲ್ಲ ಅಂದೆ. ಅವಳು ಮತ್ತೇನೂ ಕೇಳಲಿಲ್ಲ, ತನ್ನ ಕೈಯಲ್ಲಿದ್ದ ಸೇವಂತಿಗೆಯನ್ನು ನನಗೆ ಕೊಟ್ಟಳು. ನಾನು ಅದನ್ನು ಇಟ್ಟು ನಮಸ್ಕಾರ ಮಾಡಿದೆ. ಅಲ್ಲಿಯ ಸಣ್ಣ ವಸ್ತುಸಂಗ್ರಹಾಲಯದಲ್ಲಿ ಹಡಗಿನಲ್ಲಿ ಬರುವಾಗ ಕೋಟ್ನಿಸ್ ಬರೆದುಕೊಂಡ ಚೀನೀ ಶಬ್ದಗಳ ಪುಸ್ತಕವಿದೆ. ಹೊಸ ಭಾಷೆ ಕಲಿಯಲು ಹೊರಟ ವಿದ್ಯಾರ್ಥಿಯ ಪುಸ್ತಕ ಅದು. ಬಸ್ಸು ಹೊರಡುವಾಗ ಎಣಿಕೆಯಲ್ಲಿ ನನ್ನ ಸಂಖ್ಯೆ ಬಂದಾಗ ಗಂಟಲು ಕಟ್ಟಿ ನಾನು ಕೂಗಲಿಲ್ಲ. ಆ ದಿನ ಯಾರೂ ನಗಲಿಲ್ಲ, ನನ್ನ ಪರವಾಗಿ ಯಾರೋ ಮಕ್ಕಳೇ 33 ಅಂದರು.

ಊರಿಗೆ ಮರಳಿದ ಮೇಲೂ ಸೊಲ್ಲಾಪುರಕ್ಕೆ ಹೋಗಲು ನನಗೆ ಒಂದೂವರೆ ವರ್ಷ ಹಿಡಿಯಿತು. 2020ರ ಜನವರಿಯಲ್ಲಿ ಸಂಕ್ರಾಂತಿಯ ಜಾತ್ರೆಗೆ ಅವ್ವನ ಜೊತೆ ಹೋದಾಗ ಆ ಮನೆಗೂ ಹೋದೆ. ಈಗ ಅದು ಸ್ಮಾರಕ. ಫೋಟೋ ತೆಗೆದು ಆ ಹುಡುಗಿಗೆ ಚೀನೀ ಆ್ಯಪ್‌ನಲ್ಲಿ ಕಳಿಸಿದೆ. ಅವಳ ಉತ್ತರ ಬಂತು: ಸಂತೋಷ, ವಂದನೆ, ಜೊತೆಗೆ ಒಂದು ಪ್ರಶ್ನೆ. ನಿಮ್ಮ ಹಳ್ಳಿಯ ಶಾಲೆಯ ಮಕ್ಕಳು ಇಲ್ಲಿಗೆ ಬರುತ್ತಾರೆಯೇ? ಇಲ್ಲ ಅಂತ ಬರೆಯಲು ಕೈ ಬರಲಿಲ್ಲ. ಸಾಲಿಯಲ್ಲಿ ಮಾತಾಡಿ, ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ, ಆಮೇಲೆ ಹೌದು ಅಂತಲೇ ಬರೆಯೋಣ ಅಂತ ಇಟ್ಟುಕೊಂಡೆ. ಮಾರ್ಚ್‌ನಲ್ಲಿ ಕೊರೊನಾ ಬಂದು ಸಾಲಿ ಮುಚ್ಚಿತು. ಜೂನ್‌ನಲ್ಲಿ ಗಲ್ವಾನ್‌ನಲ್ಲಿ ನಮ್ಮ ಸೈನಿಕರು ಪ್ರಾಣ ಕೊಟ್ಟರು. ಆ ತಿಂಗಳ ಕೊನೆಗೆ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಲ್ಲಿಸಿತು. ಅವುಗಳಲ್ಲಿ ಅದೂ ಒಂದು. ಆ ಮಕ್ಕಳ ಬೇರೆ ವಿಳಾಸ ನನ್ನ ಹತ್ತಿರ ಇಲ್ಲ.

ಮುಖ್ಯೋಪಾಧ್ಯಾಯರೇ, ನಿನ್ನೆ ರಾತ್ರಿ ಊಟದ ಹೊತ್ತಿಗೆ ನಿಮ್ಮ ಹತ್ತಿರ ಮಾತಾಡಿದ್ದನ್ನು ಎಲ್ಲರ ಮುಂದೆ ಹೇಳಿಬಿಡುತ್ತೇನೆ, ಆಮೇಲೆ ನೀವು ಹಿಂದೆ ಸರಿಯುವಂತಿಲ್ಲ. ಬರುವ ಡಿಸೆಂಬರ್ 9ರ ವಾರದಲ್ಲಿ ಒಂಬತ್ತನೆಯ ತರಗತಿಯವರು ಸೊಲ್ಲಾಪುರಕ್ಕೆ. ಬಸ್ಸಿನ ಖರ್ಚು ನಮ್ಮ 1992ರ ತಂಡದ್ದು. ಹುಡುಗಿಯರ ಮನೆಯವರು ಕೇಳುತ್ತಿದ್ದೀರಲ್ಲ, ದೀಪ ಹಚ್ಚುವುದರೊಳಗೆ ಮರಳಿ ಬರುತ್ತೇವೆ. ಬುತ್ತಿ ನೀವೇ ಕಟ್ಟಿಕೊಳ್ಳಿ, ಶೇಂಗಾ ಹಿಂಡಿ ನನ್ನದು. ಬಸ್ಸು ಹತ್ತುವ ಮೊದಲು ಸಾಲಿನಲ್ಲಿ ನಿಂತು ಎಣಿಸುತ್ತೇವೆ. ನಿಮ್ಮಲ್ಲಿ ಯಾರ ಹಾಜರಿ ಸಂಖ್ಯೆ 33 ಇದೆಯೋ, ಆ ಒಂದು ದಿನ ನನಗೆ ಬಿಟ್ಟುಕೊಡಬೇಕು.