ಅನಿಶ್ಚಿತ ಕಾಲದಲ್ಲಿ ದ್ರಾಕ್ಷಿ ಬೆಳೆಗಾರರ ವ್ಯವಹಾರ
(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಶ್ರೀ ಅಮೋಘಸಿದ್ಧನಿಗೆ ನಮಸ್ಕರಿಸಿ ನಾಲ್ಕು ಮಾತು ಹೇಳುತ್ತೇನೆ. ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಹೊತ್ತಿನಲ್ಲಿ ಹಾರ-ತುರಾಯಿ, ಅಭಿನಂದನೆ ಎಲ್ಲಾ ಆಗಬೇಕು, ಆಗ್ಯಾವ. ನನಗೆ ಕೊಟ್ಟ ವಿಷಯ ಮಾತ್ರ ಹಬ್ಬದ ವಿಷಯ ಅಲ್ಲ, ಹೊಟ್ಟೆಯ ವಿಷಯ. ದರದ ಭರವಸೆ ಇಲ್ಲದ ಈ ಕಾಲದಾಗ ದ್ರಾಕ್ಷಿ ಬೆಳೆಯುವ ರೈತ ವ್ಯವಹಾರ ಹೆಂಗ ಮಾಡಬೇಕು ಅನ್ನೋದನ್ನು ಹೇಳಲು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಪಂಡಿತರ ಮಾತು ನನಗೆ ಬರೋದಿಲ್ಲ, ತೋಟದ ಮಾತು ಬರತದ.

ತಿಕೋಟಾ, ಬಬಲೇಶ್ವರ, ವಿಜಯಪುರ ಈ ಭಾಗದಾಗ ದ್ರಾಕ್ಷಿ ಅಂದ್ರ ಬಹುತೇಕ ಒಣದ್ರಾಕ್ಷಿ, ನಮ್ಮ ಬಾಯಿ ಮಾತಿನ್ಯಾಗ ಮಣೂಕ. ಏಪ್ರಿಲ್ ಚಾಟನಿ, ಅಕ್ಟೋಬರ್ ಚಾಟನಿ, ಔಷಧ, ಕೂಲಿ, ಶೆಡ್ಡು, ಹೀಗೆ ವರ್ಷ ಪೂರ್ತಿ ರೊಕ್ಕ ಹೊರಗೆ ಹೋಗತದ. ಒಳಗೆ ಬರೋದು ಒಂದೇ ಸಲ. ನಡುವೆ ಏನಾದರೂ ಆದರೆ ಒಂದು ವರ್ಷದ ದುಡಿಮೆ ಹೋದಂಗ. 2016 ರ ನವೆಂಬರ್ 8 ಕ್ಕೆ ನೋಟು ರದ್ದಾದಾಗ ಪೇಟೆಯೊಳಗ ರೊಕ್ಕದ ಓಡಾಟ ನಿಂತಿತು. 2020 ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಹಣ್ಣು ಬಳ್ಳಿ ಮೇಲಿತ್ತು. ತಿನ್ನುವ ಹಣ್ಣು ಅಂತ ಬೆಳೆದವರೂ ಲಾರಿ ಸಿಗದೆ ಮಣೂಕ ಮಾಡಿದರು. 2023 ರಲ್ಲಿ ದರ ಬಿದ್ದಾಗ ಬಳ್ಳಿ ಕಡಿದವರು ಅದಾರ. ಬೆಳೆ ಕಡಿಮೆ ಬಂದು 2025 ರಲ್ಲಿ ದರ ಏರಿದಾಗ ಮಾರಲು ಅವರಿಗೆ ಮಾಲು ಇರಲಿಲ್ಲ. ಇದರ ಮ್ಯಾಲೆ ಅಕಾಲಿಕ ಮಳೆ, ಹೊರದೇಶದ ಮಣೂಕ ಬಂದು ಬೀಳತದ ಅನ್ನುವ ಆತಂಕ ಬ್ಯಾರೆ.

ಇವು ಯಾವುವೂ ನಮ್ಮ ಕೈಯೊಳಗಿಲ್ಲ. ಕೈಯೊಳಗೆ ಇರೋವು ಕೆಲವು ಅದಾವ. ಅವುಗಳ ಬಗ್ಗೆ ಮಾತಾಡೋಣ.

ಮೊದಲನೆಯದು, ನಮ್ಮ ಒಂದು ಕಿಲೋದ ಖರ್ಚು ನಮಗೆ ಗೊತ್ತಿರಬೇಕು. ದರ ಎಷ್ಟು ಅಂತ ಕೇಳಿದರೆ ಎಲ್ಲರೂ ಹೇಳತಾರ. ನಿನ್ನ ಖರ್ಚು ಕಿಲೋಕ್ಕೆ ಎಷ್ಟು ಅಂದರೆ ಸುಮ್ಮನಾಗತಾರ. ತಿಳಿಯಲಿಕ್ಕೆ ಒಂದು ಲೆಕ್ಕ ಹಿಡಿಯೋಣ. ಸುಮಾರು 4 ಕಿಲೋ ಹಸಿ ದ್ರಾಕ್ಷಿಗೆ 1 ಕಿಲೋ ಮಣೂಕ. ಎಕರೆಗೆ 10 ಟನ್ ಹಣ್ಣು ಬಂದರೆ 2,500 ಕಿಲೋ ಮಣೂಕ. ಗೊಬ್ಬರ, ಔಷಧ, ಕೂಲಿ, ನೀರು, ಒಣಗಿಸೋದು ಎಲ್ಲಾ ಕೂಡಿ 3 ಲಕ್ಷ ಖರ್ಚು ಅಂತ ಹಿಡಿದರೆ ಕಿಲೋಕ್ಕೆ 120 ರೂಪಾಯಿ ಬಿತ್ತು. ಅದೇ ಖರ್ಚಿನಲ್ಲಿ ಮಾಲು 2,000 ಕಿಲೋಕ್ಕೆ ಇಳಿದರೆ 150 ರೂಪಾಯಿ. ಪೇಟೆ ದರ 140 ಇದ್ದಾಗ ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ಲುಕ್ಸಾನು. ಬಾಜೂ ಹೊಲದವನು ಮಾರಿದ ಅಂತ ನಾವೂ ಮಾರೋದು, ಅವನು ಇಟ್ಟ ಅಂತ ನಾವೂ ಇಡೋದು ತಪ್ಪು. ಮನೆಯ ಹೆಣ್ಣುಮಕ್ಕಳು, ಮಕ್ಕಳು ಕೂಲಿ ಮಾಡಿದ್ದರೆ ಅದನ್ನೂ ಬರೆಯಿರಿ. ಒಂದು ಎರಡು ನೂರು ಪುಟದ ನೋಟಬುಕ್ಕು ಸಾಕು.

ಎರಡನೆಯದು, ಮಾರುವ ವೇಳೆ. ಮಾರ್ಚ್‌ನಿಂದ ಮೇವರೆಗೆ ಎಲ್ಲರ ಮಾಲೂ ಒಟ್ಟಿಗೆ ಬರತದ. ಸಾಲಗಾರನೂ ಅದೇ ಹೊತ್ತಿಗೆ ಬಾಗಿಲಿಗೆ ಬರತಾನ. ಅದಕ್ಕೆ ಇದ್ದ ಮಾಲನ್ನೆಲ್ಲಾ ಒಂದೇ ದಿನ ಹಾಕಬೇಡಿರಿ. ಸಾಲದ ಕಂತಿಗೆ, ಮುಂದಿನ ಚಾಟನಿಯ ಖರ್ಚಿಗೆ ಎಷ್ಟು ಬೇಕೋ ಅಷ್ಟು ಮೊದಲು ಮಾರಿರಿ. ಉಳಿದಿದ್ದನ್ನು ಎರಡು ಪಾಲು ಮಾಡಿ ಮುಂದೆ ಮಾರಿರಿ. ಗಣಪತಿ ಹಬ್ಬದಿಂದ ದೀಪಾವಳಿವರೆಗೆ ಬೇಡಿಕೆ ಇರತದ. ರಂಜಾನಿನ ಬೇಡಿಕೆಯೂ ದೊಡ್ಡದು. ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರೀತದ ಅನ್ನೋದನ್ನು ನೆನಪಿಡಿರಿ. 2023 ರಲ್ಲಿ ಅದು ಮಾರ್ಚ್ ಕೊನೆಗೆ ಶುರುವಾಗಿತ್ತು, 2026 ರಲ್ಲಿ ಫೆಬ್ರುವರಿಗೆ ಬಂತು. 2028 ರ ಹೊತ್ತಿಗೆ ಜನವರಿಗೆ ಬರತದ. ಅಂದರೆ ಹೊಸ ಮಾಲು ತಯಾರಾಗುವ ಮೊದಲೇ ಆ ಗಿರಾಕಿ ಬರತಾನ, ಅವನಿಗೆ ಬೇಕಾಗೋದು ಕೋಲ್ಡ್ ಸ್ಟೋರೇಜಿನ ಹಿಂದಿನ ವರ್ಷದ ಮಾಲು. ಇದನ್ನು ವ್ಯಾಪಾರಿಗಳು ಮೊದಲೇ ಲೆಕ್ಕ ಹಾಕಿರತಾರ, ನಾವೂ ಹಾಕಬೇಕು.

ಹಾಗಂತ ಇಟ್ಟಿದ್ದೆಲ್ಲಾ ಲಾಭ ಅಲ್ಲ. ಇಂದಿನ ದರ 150 ಇದ್ದು, 2,500 ಕಿಲೋ ಆರು ತಿಂಗಳು ಇಟ್ಟಿರಿ ಅನ್ನೋಣ. ಮಾಲಿನ ಬೆಲೆ 3,75,000. ವರ್ಷಕ್ಕೆ ಶೇಕಡಾ 12 ರಂತೆ ಆರು ತಿಂಗಳ ಬಡ್ಡಿ 22,500, ಕಿಲೋಕ್ಕೆ 9 ರೂಪಾಯಿ. ಕೋಲ್ಡ್ ಸ್ಟೋರೇಜ್ ಬಾಡಿಗೆ ತಿಂಗಳಿಗೆ ಅರ್ಧ ರೂಪಾಯಿ ಹಿಡಿದರೆ 3 ರೂಪಾಯಿ. ಹಮಾಲಿ, ಗಾಡಿ 1 ರೂಪಾಯಿ. ಒಟ್ಟು 13. ಆರು ತಿಂಗಳ ನಂತರ 163 ಕ್ಕಿಂತ ಹೆಚ್ಚು ಬಂದರೆ ಮಾತ್ರ ಇಟ್ಟಿದ್ದಕ್ಕೆ ಅರ್ಥ. ಖಾಸಗಿ ಸಾಲ ತಿಂಗಳಿಗೆ ನೂರಕ್ಕೆ 3 ರಂತೆ ಇದ್ದರೆ ಬಡ್ಡಿಯೇ ಕಿಲೋಕ್ಕೆ 27 ರೂಪಾಯಿ ಆಗತದ. ಅಂಥವರು ದರದ ಆಸೆ ಬಿಟ್ಟು ಮೊದಲು ಆ ಸಾಲ ಹರಿಯಬೇಕು.

ಮೂರನೆಯದು, ಮಾಲಿನ ಗುಣಮಟ್ಟ. ದರ ಬಿದ್ದ ವರ್ಷದಾಗ ಚಲೋ ಮಾಲಿಗೂ ಹೀನ ಮಾಲಿಗೂ ಇರುವ ಅಂತರ ಇನ್ನೂ ಹೆಚ್ಚಾಗತದ. ಹಣ್ಣಿಗೆ ಸಕ್ಕರೆ ಪೂರ್ತಿ ತುಂಬುವ ಮೊದಲೇ ಕೊಯ್ದರೆ ತೂಕ ಬರೋದಿಲ್ಲ. ನೂರು ಲೀಟರ್ ನೀರಿಗೆ ಸುಮಾರು ಎರಡೂವರೆ ಕಿಲೋ ಪೊಟ್ಯಾಸಿಯಂ ಕಾರ್ಬೋನೇಟ್, ಒಂದೂವರೆ ಲೀಟರ್ ಡಿಪ್ಪಿಂಗ್ ಆಯಿಲ್ ಅನ್ನೋದು ರೂಢಿಯ ಪ್ರಮಾಣ. ಹೆಚ್ಚು ಹಾಕಿದರೆ ಬೇಗ ಒಣಗೀತು ಅಂತ ಅಂದಾಜಿನ ಮೇಲೆ ಸುರಿಯಬೇಡಿರಿ. ಗಂಧಕದ ಹೊಗೆಗೂ ಅದೇ ಮಾತು. ಪೂರಾ ಒಣಗದ ಮಾಲು ಡಬ್ಬಿಯೊಳಗ ಕಪ್ಪಾಗತದ. 15 ಕಿಲೋ ಬಾಕ್ಸಿನ ಮ್ಯಾಲೆ ಹಸಿರು ಕಾಳು, ಕೆಳಗೆ ಕಪ್ಪು ಕಾಳು ಹಾಕಿದರೆ ಒಬ್ಬನಿಗೆ ಒಂದು ಸಲ ಲಾಭ, ಊರ ಹೆಸರಿಗೆ ಹತ್ತು ವರ್ಷ ಪೆಟ್ಟು. 2010 ರಲ್ಲಿ ನಮ್ಮ ದೇಶದ ದ್ರಾಕ್ಷಿಯಲ್ಲಿ ಬೆಳವಣಿಗೆ ತಡೆಯುವ ಒಂದು ಔಷಧದ ಅಂಶ ಸಿಕ್ಕಿತು ಅಂತ ಯುರೋಪಿನವರು ಮಾಲು ತಿರಸ್ಕರಿಸಿದರು. ಅದರ ಏಟು ಚಲೋ ಮಾಲು ಬೆಳೆದವರಿಗೂ ಬಿತ್ತು. ಯಾವ ಔಷಧ, ಯಾವ ದಿನ, ಎಷ್ಟು ಹೊಡೆದಿವಿ ಅನ್ನೋದನ್ನು ಬರೆದಿಡಿರಿ. ಸಂಶಯ ಬಂದರೆ ಅಂಗಡಿಯವನನ್ನು ಕೇಳುವುದಕ್ಕಿಂತ ತಿಡಗುಂದಿಯ ತೋಟಗಾರಿಕೆ ಸಂಶೋಧನಾ ಕೇಂದ್ರದವರನ್ನು ಕೇಳುವುದು ಮೇಲು. ಪುಣೆಯ ಮಾಂಜರಿಯಲ್ಲಿ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವೂ ಅದ.

ನಾಲ್ಕನೆಯದು, ಗಿರಾಕಿ. ಸಾಂಗ್ಲಿ, ತಾಸಗಾಂವ ಪೇಟೆಗಳು ನಮ್ಮ ಹಿರಿಯರ ಕಾಲದಿಂದ ಪರಿಚಯ. ವಿಜಯಪುರದ ಎಪಿಎಂಸಿಯಲ್ಲೂ ಒಣದ್ರಾಕ್ಷಿ ವ್ಯಾಪಾರ ನಡೀತದ. ಒಂದೇ ಅಡತಿಗೆ ಕಟ್ಟಿ ಬಿದ್ದವರು ದರ ಕೇಳುವ ಹಕ್ಕನ್ನೇ ಕಳಕೋತಾರ. ಮುಂಗಡ ತಗೊಂಡ ಮೇಲೆ ಅವರು ಹೇಳಿದ್ದೇ ದರ. ಎರಡು ಪೇಟೆಯ ದರ ಫೋನಿನಲ್ಲಿ ವಿಚಾರಿಸಿ, ಬಾಡಿಗೆ, ಹಮಾಲಿ, ಕಡಿತ ಎಲ್ಲಾ ಕಳೆದು ಕೈಗೆ ಬರುವುದೆಷ್ಟು ಅಂತ ನೋಡಿರಿ. ಪಟ್ಟಿ ತಗೊಂಡು ಕಿಸೆಯೊಳಗೆ ಇಟ್ಟರೆ ಆಗೋದಿಲ್ಲ, ಓದಬೇಕು. ಓದಲು ಬರದ ಹಿರಿಯರು ಸಂಘಕ್ಕೆ ತಂದರೆ ನಾವು ಓದಿ ಹೇಳತೀವಿ. ಶೆಡ್ಡಿಗೇ ಬಂದು ಹತ್ತು ರೂಪಾಯಿ ಹೆಚ್ಚು ಕೊಡತೀನಿ, ರೊಕ್ಕ ತಿಂಗಳ ಮ್ಯಾಲೆ ಅನ್ನುವವರು ಬರತಾರ. ಅವರ ಲೈಸೆನ್ಸ್ ಕೇಳಿರಿ, ಬರಹ ಕೇಳಿರಿ. ಉದ್ರಿ ಕೊಟ್ಟ ಮಾಲು ಮಾರಿದ ಮಾಲಲ್ಲ, ದಾನ ಕೊಟ್ಟ ಮಾಲು ಆಗಬಹುದು.

ಐದನೆಯದು, ನೆಡೋದು, ಕಡಿಯೋದು. ದರ ಏರಿದ ವರ್ಷ ಎಲ್ಲರೂ ಹೊಸ ತೋಟ ಹಾಕತೀವಿ. ಬಳ್ಳಿ ಫಲಕ್ಕೆ ಬರಲು ಎರಡು ವರ್ಷ ಬೇಕು. ಎಲ್ಲರ ತೋಟವೂ ಒಟ್ಟಿಗೆ ಫಲಕ್ಕೆ ಬಂದು ದರ ಬೀಳತದ, ಆಗ ಒಟ್ಟಿಗೆ ಕಡಿಯತೀವಿ. ಒಂದು ವರ್ಷದ ದರ ನೋಡಿ ನೆಡಬೇಡಿರಿ, ಒಂದು ವರ್ಷದ ದರ ನೋಡಿ ಕಡಿಯಬೇಡಿರಿ. ಐದು ವರ್ಷದ ಸರಾಸರಿ ನೋಡಿರಿ. ಹಳೆಯ ಬಳ್ಳಿ, ನೀರು ಸಾಲದ ತುಂಡು ಇದ್ದರೆ ತೆಗೆಯಿರಿ, ಚಲೋ ತುಂಡನ್ನು ಉಳಿಸಿರಿ. ಇದ್ದ ಭೂಮಿಗೆಲ್ಲಾ ದ್ರಾಕ್ಷಿ ಹಾಕದೆ ಮನೆಗೆ ಬೇಕಾಗುವಷ್ಟು ಬಿಳಿಜೋಳ, ತೊಗರಿ ಇರಲಿ. ಇಂಡಿ ಭಾಗದವರು ನಿಂಬೆಯಿಂದ ಜೀವನ ನಡೆಸಿದ್ದು ನಮ್ಮ ಕಣ್ಣ ಮುಂದೆ ಅದ. ಎರಡು ಎಮ್ಮೆ, ನಾಲ್ಕು ಆಡು ಇದ್ದ ಮನೆಗೆ ದರ ಬಿದ್ದ ವರ್ಷವೂ ವಾರದ ಸಂತೆ ನಡೀತದ.

ಇನ್ನು ಸಾಲದ ಮಾತು. ಇದು ಕೆಲವರಿಗೆ ಹಿತ ಆಗಲಿಕ್ಕಿಲ್ಲ. ರಾಜ್ಯ ಸರಕಾರ 2023 ರಲ್ಲಿ ಸಹಕಾರ ಸಂಘಗಳ ಶೂನ್ಯ ಬಡ್ಡಿ ಬೆಳೆಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ, ಶೇಕಡಾ 3 ರ ಬಡ್ಡಿಯ ಮಧ್ಯಮಾವಧಿ ಮತ್ತು ದೀರ್ಘಾವಧಿ ಸಾಲದ ಮಿತಿಯನ್ನು 10 ಲಕ್ಷದಿಂದ 15 ಲಕ್ಷಕ್ಕೆ ಏರಿಸಿತು. ಈ ಸವಲತ್ತು ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ. ಒಂದು ದಿನ ತಪ್ಪಿದರೂ ಬಡ್ಡಿ ಬೀಳತದ. ಮನ್ನಾ ಆಗತದ ಅಂತ ದಾರಿ ಕಾಯುವವರು ನಮ್ಮಲ್ಲಿ ಅದಾರ. ಸಂಘದಲ್ಲಿ ಇರುವ ಠೇವಣಿ ಯಾರದು? ಮಗಳ ಮದುವೆಗೆ ಅಂತ ಇಟ್ಟ ವಿಧವೆ ತಾಯಿಯದು, ನಿವೃತ್ತರಾದ ಮಾಸ್ತರರದು. ನಾವು ಕಟ್ಟದಿದ್ದರೆ ಪೆಟ್ಟು ಬೀಳೋದು ಅವರಿಗೆ. ನಿಜವಾಗಿ ಬೆಳೆ ಹೋದವರು ವಾಯಿದೆ ಮುಗಿಯುವ ಮೊದಲೇ ಬಂದು ಹೇಳಿರಿ. ಕಾನೂನಿನೊಳಗೆ ಏನು ದಾರಿ ಅದ ಅದನ್ನು ಕೂತು ಹುಡುಕೋಣ. ಮುಖ ತಪ್ಪಿಸಿ ತಿರುಗಿದರೆ ಸಂಘಕ್ಕೂ ದಾರಿ ಇರೋದಿಲ್ಲ. ಬೆಳೆಸಾಲ ಬೆಳೆಗೇ ಹೋಗಲಿ, ಮದುವೆಗೆ, ಮೋಟಾರ್ ಸೈಕಲ್ಲಿಗೆ ಹೋಗೋದು ಬ್ಯಾಡ.

ಸಂಘ ಏನು ಮಾಡಬೇಕು ಅಂತಲೂ ಹೇಳಬೇಕಲ್ಲ. 1905 ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ರೈತರನ್ನು ಸಾಹುಕಾರರ ಬಡ್ಡಿಯಿಂದ ಬಿಡಿಸಲು. ನಾವು ಸಾಲ ಕೊಡೋದು, ವಸೂಲು ಮಾಡೋದು ಇಷ್ಟಕ್ಕೇ ನಿಂತರೆ ಅರ್ಧ ಕೆಲಸ ಆದಂಗ. ಆಡಳಿತ ಮಂಡಳಿಯ ಮುಂದೆ ಮೂರು ಸೂಚನೆ ಇಡುತ್ತೇನೆ. ಒಂದು, ಪೊಟ್ಯಾಸಿಯಂ ಕಾರ್ಬೋನೇಟ್, ಡಿಪ್ಪಿಂಗ್ ಆಯಿಲ್, ಖಾಲಿ ಬಾಕ್ಸುಗಳನ್ನು ಎಲ್ಲರ ಬೇಡಿಕೆ ಕೂಡಿಸಿ ಸುಗ್ಗಿಗೆ ಮೊದಲೇ ಒಟ್ಟಿಗೆ ಖರೀದಿ ಮಾಡುವುದು. ಎರಡು, ಸುಗ್ಗಿಯ ಕಾಲದಲ್ಲಿ ಸಂಘದ ಮುಂದಿನ ಫಲಕದ ಮೇಲೆ ಸಾಂಗ್ಲಿ, ತಾಸಗಾಂವ, ವಿಜಯಪುರದ ದರ ಪ್ರತಿ ಹರಾಜಿನ ಮರುದಿನ ಬರೆಯುವುದು. ಮೂರು, ಒಂದೇ ದರ್ಜೆಯ ಮಾಲು ಇರುವ ಹತ್ತು ಸಣ್ಣ ರೈತರು ಕೂಡಿ ಒಂದು ಲಾರಿ ಮಾಡಿ ಕಳಿಸುವುದು. ಐವತ್ತು ಬಾಕ್ಸ್ ಒಯ್ದವನ ಮಾತಿಗೂ ಐನೂರು ಬಾಕ್ಸ್ ಒಯ್ದವರ ಮಾತಿಗೂ ಪೇಟೆಯೊಳಗ ಅಂತರ ಅದ. ಕಾಳು ಆರಿಸಿ ದರ್ಜೆ ಮಾಡುವ ಕೆಲಸ ನಮ್ಮ ಹೆಣ್ಣುಮಕ್ಕಳದು. ಸ್ವಸಹಾಯ ಸಂಘದ ತಾಯಂದಿರಿಗೆ ಆ ಕೆಲಸ ಊರಾಗೇ ಕೊಟ್ಟರೆ ಮಾಲೂ ಸುಧಾರಿಸತದ, ನಾಲ್ಕು ಮನೆಯ ಒಲೆಯೂ ಉರಿಯತದ.

ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಅಂತ ಹಿರಿಯರು ಹೇಳ್ಯಾರ. ಮುಂದಿನ ಅಕ್ಟೋಬರ್ ಚಾಟನಿಗೆ ಮೊದಲು ಪ್ರತಿ ಸದಸ್ಯರೂ ತಮ್ಮ ಒಂದು ಕಿಲೋದ ಖರ್ಚು ಬರೆದುಕೊಂಡು ಸಂಘಕ್ಕೆ ಬರಬೇಕು ಅಂತ ಕೈಮುಗಿದು ಕೇಳುತ್ತೇನೆ. ಅದರ ಮೇಲೆ ಕೂತು ಮಾತಾಡೋಣ.

ಜೈ ಸಹಕಾರ, ಜೈ ಕರ್ನಾಟಕ.