ಕೂದಲು ತೆಗೆಯುವ ಮುನ್ನ



ಮಗಳನ್ನು ಹೆರಿಗೆಗೆ ಕರೆತಂದ ತಾಯಂದಿರು "ಮನೆಯಲ್ಲೇ ಶೇವ್ ಮಾಡಿಸಿದ್ದೇವೆ ಸಿಸ್ಟರ್" ಎನ್ನುತ್ತಾರೆ. ಒಳ್ಳೆಯದಾಗಲಿ ಎಂದೇ ಮಾಡಿರುತ್ತಾರೆ. ಆದರೆ ಅದು ಬೇಡ.

ಬ್ಲೇಡು ಕೂದಲಿನ ತುದಿಯನ್ನು ಚೂಪು ಮಾಡುತ್ತದೆ. ಅದು ಬೆಳೆಯುವಾಗ ಬಾಗಿ ಚರ್ಮದೊಳಕ್ಕೇ ಚುಚ್ಚಿಕೊಂಡರೆ ಕೆಂಪು ಗುಳ್ಳೆ, ತುರಿಕೆ, ಕೆಲವೊಮ್ಮೆ ಕೀವು ಆಗುತ್ತದೆ. ಕಂಕುಳು, ತೊಡೆಸಂದಿ, ಗುಪ್ತಾಂಗದ ಸುತ್ತ ಈ ತೊಂದರೆ ಹೆಚ್ಚು. ನಮ್ಮ ಕಾರ್ಗಲ್ ಮಳೆಗಾಲದಲ್ಲಿ ಅರ್ಧ ಒಣಗಿದ ಬಿಗಿ ಬಟ್ಟೆ ತಿಕ್ಕಿದರೆ ಇನ್ನೂ ಹೆಚ್ಚು.

ಆದ್ದರಿಂದ,

1. ಟ್ರಿಮ್ಮರ್‌ನಿಂದ ಗಿಡ್ಡ ಮಾಡಿಕೊಂಡರೆ ಸಾಕು.

2. ಬ್ಲೇಡೇ ಬೇಕೆಂದರೆ ಬೆಚ್ಚಗಿನ ನೀರಿನ ಸ್ನಾನದ ನಂತರ, ಶೇವಿಂಗ್ ಕ್ರೀಮ್ ಹಚ್ಚಿ, ಹೊಸ ಬ್ಲೇಡಿನಿಂದ, ಕೂದಲು ಬೆಳೆದ ದಿಕ್ಕಿನಲ್ಲೇ ಹಗುರವಾಗಿ ತೆಗೆಯಿರಿ. ಚರ್ಮವನ್ನು ಎಳೆದು ಹಿಡಿಯಬೇಡಿ.

3. ಒಬ್ಬರ ಬ್ಲೇಡನ್ನು ಇನ್ನೊಬ್ಬರು ಬಳಸಬೇಡಿ.

4. ಸಡಿಲವಾದ ಹತ್ತಿ ಬಟ್ಟೆ ಹಾಕಿ. ಮಳೆಗಾಲದಲ್ಲಿ ಬಚ್ಚಲೊಲೆಯ ಹತ್ತಿರವಾದರೂ ಪೂರ್ತಿ ಒಣಗಿಸಿ.

5. ಗುಳ್ಳೆಯನ್ನು ಚಿವುಟಬೇಡಿ, ಸೂಜಿಯಿಂದ ಕೆದಕಬೇಡಿ. ಮಾಯುವ ತನಕ ಶೇವ್ ನಿಲ್ಲಿಸಿ. ಕೀವು, ಜ್ವರ ಬಂದರೆ ತಡಮಾಡದೆ ತೋರಿಸಿ. ಸಕ್ಕರೆ ಕಾಯಿಲೆ ಇರುವವರು ಗುಳ್ಳೆ ಕಂಡ ಕೂಡಲೇ ಬನ್ನಿ.

ಆಪರೇಷನ್‌ಗೆ ಬರುವವರು ಮನೆಯಲ್ಲಿ ಶೇವ್ ಮಾಡಲೇಬೇಡಿ. ಕಣ್ಣಿಗೆ ಕಾಣದ ಗೀರುಗಳಲ್ಲಿ ರೋಗಾಣು ಸೇರಿ ಆಪರೇಷನ್ ಗಾಯ ಕೀವಾಗಬಹುದು. ತೆಗೆಯಲೇಬೇಕಿದ್ದರೆ ಕ್ಲಿಪ್ಪರ್‌ನಿಂದ ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದೆ. ಸಹಜ ಹೆರಿಗೆಗೆ ಮುನ್ನ ಎಲ್ಲರಿಗೂ ಶೇವ್ ಮಾಡುವ ರೂಢಿ ಬೇಡ ಎಂದು 2018ರಲ್ಲೂ ತಿಳಿಸಿದೆ.

ಇದು ನಾಚಿಕೆಪಡುವ ವಿಷಯವಲ್ಲ. ಸಂಶಯವಿದ್ದರೆ ಬ್ಲೇಡು ಹಿಡಿಯುವ ಮೊದಲು ಸಿಸ್ಟರ್ ಹತ್ತಿರ ಕೇಳಿ.